ನೀರಿನ ದಾರಿಗೆ ಎನ್‌ಒಸಿ ಕೊಡುವವರು ಯಾರು?

ಮದ್ದೂರು, ಮಳವಳ್ಳಿ ಸೀಮೆಯ ಹೊಲಗದ್ದೆಗಳು ಒಂದೊಂದಾಗಿ ಬಡಾವಣೆಯಾಗುತ್ತಿವೆ. ಜಮೀನಿಗೆ, ರಸ್ತೆಗೆ, ಕರೆಂಟಿಗೆ ಬೇರೆ ಬೇರೆ ಕಾಗದ ಕೇಳುವ ವ್ಯವಸ್ಥೆ, ಅಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಆ ಪ್ರಶ್ನೆ ಕೇಳುವ ಒಂದು ಕಾನೂನು ಮುತ್ತತ್ತಿಯ ಕಾಡಿನಲ್ಲಿದೆ.

2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಹುಬ್ಬೆ ಮಳೆ ಬೆಂಗಳೂರಿನ ಪೂರ್ವ ಭಾಗವನ್ನು ಮುಳುಗಿಸಿತು. ಯಮಲೂರು, ಬೆಳ್ಳಂದೂರು ಸುತ್ತ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೊರಟವರ ಚಿತ್ರಗಳು ದೇಶವೆಲ್ಲ ಓಡಾಡಿದವು. ಅದೇ ರಾತ್ರಿ ಮಳವಳ್ಳಿ ತಾಲ್ಲೂಕಿನಲ್ಲೂ ಮಳೆ ಬಿಡದೆ ಹೊಡೆಯಿತು. ರಾಜಧಾನಿಗೆ ಕಾವೇರಿ ನೀರೆತ್ತಿ ಕಳಿಸುವ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೆ ನೀರು ನುಗ್ಗಿ ಯಂತ್ರಗಳು ಮುಳುಗಿದವು. ಮರುದಿನ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅಲ್ಲಿಗೆ ಧಾವಿಸಿ ಬಂದರು. ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದ ಬೆಂಗಳೂರಿನ ಹಲವೆಡೆ ನಲ್ಲಿ ತಿರುಗಿಸಿದರೆ ಹನಿ ನೀರು ಬಾರದ ಸ್ಥಿತಿ.

ತೊರೆಕಾಡನಹಳ್ಳಿ 1974ರಿಂದಲೂ ಬೆಂಗಳೂರಿಗೆ ನೀರು ಕಳಿಸುತ್ತಿದೆ. ಇಲ್ಲಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ, ಹೀಗೆ ಮೂರು ಮೆಟ್ಟಿಲಲ್ಲಿ ನೀರು ಏರುತ್ತದೆ. ಎಂಜಿನಿಯರುಗಳು ಅಳೆದು ಸುರಿದು ಕಟ್ಟಿದ, ಸರ್ಕಾರವೇ ಕಾಯುವ ಇಂಥ ಸ್ಥಾವರವೂ ಒಂದು ರಾತ್ರಿಯ ಮಳೆಗೆ ಸಿಕ್ಕಿಬಿದ್ದಿತೆಂದರೆ, ಅದೇ ತಾಲ್ಲೂಕಿನಲ್ಲಿ ಹಳ್ಳದ ಮಗ್ಗುಲಿಗೆ ಮೂವತ್ತು–ನಲವತ್ತರ ಸೈಟು ಕೊಂಡು ಮನೆ ಕಟ್ಟಿದವನ ಗತಿ ಏನು?

ಎಲ್ಲ ನೀರೂ ಇಳಿಯುವ ಕಡೆ

ಮಂಡ್ಯ ಜಿಲ್ಲೆಯ ನಕ್ಷೆ ಹಿಡಿದು ನೋಡಿದರೆ ಮುತ್ತತ್ತಿ ತೀರ ತಳದಲ್ಲಿ, ಕಾವೇರಿಯ ದಂಡೆಯಲ್ಲಿದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದಲ್ಲಿ ಹುಟ್ಟಿದ ಶಿಂಷಾ ಮಾರ್ಕೋನಹಳ್ಳಿ ಜಲಾಶಯ ದಾಟಿ, ಮದ್ದೂರನ್ನು ಹಾದು, ಶಿಂಷಾಪುರದ ಬಳಿ ಧುಮುಕಿ ಕಾವೇರಿಯನ್ನು ಸೇರುತ್ತದೆ. ಅದರ ಕೆಳಗೆ ಭೀಮೇಶ್ವರಿ, ಆಮೇಲೆ ಮುತ್ತತ್ತಿ, ಇನ್ನೂ ಕೆಳಗೆ ಅರ್ಕಾವತಿ ಕೂಡುವ ಸಂಗಮ. ಮದ್ದೂರಿನ ಚರಂಡಿಯ ನೀರಿಗೂ ಮಳವಳ್ಳಿಯ ಕೆರೆಕೋಡಿಯ ನೀರಿಗೂ ಕೊನೆಗೆ ಈ ನದಿಯೇ ಗತಿ. ಶನಿವಾರ, ಭಾನುವಾರ ಆಂಜನೇಯನ ದರ್ಶನಕ್ಕೆಂದು ಬಂದು ಹೊಳೆಗಿಳಿಯುವವರು ಮೀಯುವುದು ಮೇಲಿನ ಇಷ್ಟೂ ಊರುಗಳು ಬಿಟ್ಟುಕೊಟ್ಟ ನೀರಿನಲ್ಲಿ.

ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಸರಾಸರಿ 700 ಮಿಲಿಮೀಟರ್ ಆಸುಪಾಸಿನ ಮಳೆ. ಮಲೆನಾಡಿನ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಅದು ಬರುವ ರೀತಿ ಬೇರೆ. ಮೇ ತಿಂಗಳಲ್ಲಿ ಒಂದಷ್ಟು ಗುಡುಗು ಮಳೆ, ಸೆಪ್ಟೆಂಬರ್, ಅಕ್ಟೋಬರಿನ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಯಲ್ಲಿ ದೊಡ್ಡ ಪಾಲು. ಅದೂ ಸಂಜೆ ಒಂದೆರಡು ತಾಸು ಒಂದೇ ಸಮ ಜಡಿಯುತ್ತದೆ. ವರ್ಷದ ಬಹುಪಾಲು ತಿಂಗಳು ಹಳ್ಳ ಒಣಗಿ, ಲಂಟಾನ ಬೆಳೆದು, ದನ ಕಟ್ಟುವ ಜಾಗದ ಹಾಗೆ ಕಾಣುತ್ತದೆ. ಜಮೀನು ನೋಡಲು ಬೇಸಿಗೆಯಲ್ಲಿ ಬರುವ ಬೆಂಗಳೂರಿನ ಗಿರಾಕಿಗೆ ಅದು ಹಳ್ಳವೆಂದು ಅನ್ನಿಸುವುದೇ ಇಲ್ಲ.

ಈಗ ಆ ಗಿರಾಕಿಗಳೇ ಹೆಚ್ಚಾಗಿದ್ದಾರೆ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಪ್ರಧಾನಿ 2023ರ ಮಾರ್ಚ್ 12ರಂದು ಉದ್ಘಾಟಿಸಿದ್ದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಪ್ರಯಾಣದ ಹೊತ್ತು ಇಳಿದಂತೆ ಇತ್ತ ಜಮೀನಿನ ಬೆಲೆ ಏರಿತು. ಹೆದ್ದಾರಿ ಬದಿಗೆ ಲೇಔಟು, ಹಲಗೂರು ಕಡೆಗೆ ಫಾರ್ಮ್‌ಹೌಸು, ಕಾಡಂಚಿಗೆ ಹೋಮ್‌ಸ್ಟೇ ಎದ್ದವು.

ಕಾಗದ ಸಾಲುಸಾಲು

ಐದು ಎಕರೆ ಹೊಲವನ್ನು ಲೇಔಟು ಮಾಡಬೇಕೆಂದರೆ ಏನೇನು ಬೇಕು? ಸಾಮಾನ್ಯವಾಗಿ ಮೊದಲು ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ. ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 17ನೇ ಕಲಮಿನಡಿ ವಿನ್ಯಾಸ ನಕ್ಷೆಗೆ ಮಂಜೂರಾತಿ. ಕರೆಂಟಿಗೆ ಸೆಸ್ಕ್, ನಾಲೆ ಹಾದಿದ್ದರೆ ಕಾವೇರಿ ನೀರಾವರಿ ನಿಗಮ. 500 ಚದರ ಮೀಟರ್ ಅಥವಾ ಎಂಟು ಘಟಕ ದಾಟಿದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿ. ಮನೆ ಕಟ್ಟುವಾಗ ಪುರಸಭೆಯ ಲೈಸೆನ್ಸು. ಹಳ್ಳಿಯಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಡಿ ಗ್ರಾಮ ಪಂಚಾಯ್ತಿಯ ಅನುಮತಿ. ಕೊನೆಗೆ ಇ-ಸ್ವತ್ತಿನ 9, 11ರ ನಮೂನೆ.

ಈ ಸಾಲಿನಲ್ಲಿ ‘ಮಳೆನೀರು’ ಎಂಬ ಹೆಸರಿನ ಪ್ರತ್ಯೇಕ ಅನುಮತಿ ಇಲ್ಲ. ಚರಂಡಿಯನ್ನು ನಕ್ಷೆಯಲ್ಲಿ ತೋರಿಸಬೇಕು, ನಿಜ. ಕಾಮಗಾರಿ ಮುಗಿದಷ್ಟಕ್ಕೆ ಹಂತ ಹಂತವಾಗಿ ನಿವೇಶನ ಬಿಡುಗಡೆ ಮಾಡುವ ಪದ್ಧತಿಯೂ ಇದೆ. ಆದರೆ ರಸ್ತೆಯ ಎರಡೂ ಬದಿಗೆ ಕಾಂಕ್ರೀಟು ಚರಂಡಿ ಇದೆಯೇ ಎಂದು ನೋಡುತ್ತಾರೆಯೇ ಹೊರತು, ಆ ಚರಂಡಿ ಕೊನೆಗೆ ಎಲ್ಲಿ ಬಾಯಿ ಬಿಡುತ್ತದೆ ಎಂಬುದು ದೊಡ್ಡ ಪ್ರಶ್ನೆಯಾಗುವುದು ಕಡಿಮೆ. ಎಷ್ಟೋ ಬಡಾವಣೆಗಳ ಚರಂಡಿ ಕಾಂಪೌಂಡ್ ಗೋಡೆಯವರೆಗೆ ಚೊಕ್ಕವಾಗಿ ಬಂದು, ಗೋಡೆಯ ತೂತಿನಿಂದ ಆಚೆಯವನ ಗದ್ದೆಗೆ ಸುರಿಯುತ್ತದೆ.

ದೊಡ್ಡ ಕಟ್ಟಡಗಳಿಗೆ ಕೇಂದ್ರದ ನಿಯಮವೊಂದಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರ್ ಮೀರಿದ ನಿರ್ಮಾಣಕ್ಕೆ ಪರಿಸರ ಅನುಮತಿ ಬೇಕು. ಆಗ ಮಳೆನೀರು ಏನಾಗುತ್ತದೆಂದು ಲೆಕ್ಕ ಕೊಡಬೇಕಾಗುತ್ತದೆ. ಆದರೆ ಬಡಾವಣೆಗಳಿಗೆ ಅದರ ಮಿತಿ 50 ಹೆಕ್ಟೇರ್, ಅಂದರೆ 123 ಎಕರೆ ಮೇಲೆ. ಮೂರು, ಐದು, ಎಂಟು ಎಕರೆಯ ನಮ್ಮ ಲೇಔಟುಗಳು ಆ ಬಲೆಗೆ ಬೀಳುವ ಮಾತೇ ಇಲ್ಲ.

ಪಹಣಿಯ 3ನೇ ಕಾಲಂ

ಹಾಗೆಂದು ನಮ್ಮ ಕಂದಾಯ ದಾಖಲೆ ನೀರನ್ನು ಮರೆತಿರಲಿಲ್ಲ. ಪಹಣಿಯ 3ನೇ ಕಾಲಮಿನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಖರಾಬು ಎ’, ‘ಖರಾಬು ಬಿ’ ಎಂಬ ಎರಡು ಸಾಲುಗಳಿವೆ. ಕಲ್ಲುಬಂಡೆ, ಸಾಗುವಳಿಗೆ ಬಾರದ ಜಾಗ ‘ಎ’. ಹಳ್ಳ, ಕಾಲುವೆ, ಬಂಡಿದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ ‘ಬಿ’. ಸರ್ವೆ ನಂಬರು ನಿಮ್ಮ ಹೆಸರಿನಲ್ಲಿದ್ದರೂ ಅದರೊಳಗಿನ ಬಿ ಖರಾಬು ನಿಮ್ಮದಲ್ಲ. ಹಳ್ಳ, ಕೆರೆ, ನಾಲೆಗಳೆಲ್ಲ ಸರ್ಕಾರದ ಸ್ವತ್ತೆಂದು ಭೂಕಂದಾಯ ಕಾಯ್ದೆಯ 67ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಪರಿವರ್ತನೆಯಾಗುವುದು ಬಿ ಖರಾಬು ಕಳೆದು ಉಳಿದ ಜಮೀನು ಮಾತ್ರ.

ಹಳೆಯ ಸರ್ವೆಯವರು ಸರಪಳಿ ಎಳೆದು ಊರೂರು ಅಳೆದಾಗ ಗುರುತಿಸಿದ ಹಳ್ಳಗಳು ಇಂದಿಗೂ ಗ್ರಾಮ ನಕ್ಷೆಯಲ್ಲಿವೆ. ತೊಂದರೆ ಏನೆಂದರೆ, ಪಹಣಿಯಲ್ಲಿ ‘0–04’ ಎಂದು ಬಿ ಖರಾಬು ನಮೂದಾಗಿರುತ್ತದೆ. ಆ ನಾಲ್ಕು ಗುಂಟೆ ಜಮೀನಿನ ಯಾವ ಮಗ್ಗುಲಲ್ಲಿದೆ ಎಂಬುದು ಪಹಣಿಯಿಂದ ತಿಳಿಯುವುದಿಲ್ಲ. ಅದಕ್ಕೆ ಸರ್ವೆ ದಾಖಲೆಗಳಾದ ಟಿಪ್ಪಣಿ, ಆಕಾರಬಂದು, ಗ್ರಾಮ ನಕ್ಷೆ ತೆಗೆಸಬೇಕು. ಲೇಔಟು ಮಾಡುವವನಿಗೆ ಬೇಕಾದದ್ದೂ ಈ ಮಸುಕೇ. ಜಮೀನಿನ ನಡುವೆ ಓರೆಯಾಗಿ ಹಾಯುವ ಹಳ್ಳವನ್ನು ಬೇಲಿಯ ಅಂಚಿಗೆ ಸರಿಸಿ, ‘ಖರಾಬು ಬಿಟ್ಟಿದ್ದೇವೆ’ ಎಂದು ನಕ್ಷೆಯಲ್ಲಿ ಬಣ್ಣ ತುಂಬಿದರೆ ವಿಸ್ತೀರ್ಣದ ಲೆಕ್ಕ ಸರಿಹೋಗುತ್ತದೆ. ಮಳೆಗಾಲದಲ್ಲಿ ಮಾತ್ರ ನೀರು ಹಳೆಯ ಓರೆದಾರಿಯಲ್ಲೇ ಬರುತ್ತದೆ, ಏಕೆಂದರೆ ತಗ್ಗು ಇರುವುದು ಅಲ್ಲಿ.

ಸರಿಸಲೂ ಆಗದಿದ್ದರೆ ಪೈಪು ಹೂತು ಮೇಲೆ ಮಣ್ಣು ಹಾಕುವುದು ಇನ್ನೊಂದು ದಾರಿ. ಎರಡಡಿಯ ಹ್ಯೂಮ್ ಪೈಪು ನೋಡಲು ದೊಡ್ಡದೇ. ಆದರೆ ಸಾಧಾರಣ ಇಳಿಜಾರಿನಲ್ಲಿ ಅದು ತುಂಬಿ ಹರಿದರೂ ಸೆಕೆಂಡಿಗೆ ಸಾಗಿಸುವುದು ಸುಮಾರು 500 ಲೀಟರ್. ಗಂಟೆಗೆ 40 ಮಿಲಿಮೀಟರ್ ವೇಗದ ಮಳೆಯಲ್ಲಿ, ನೂರಕ್ಕೆ ಮೂವತ್ತು ಪಾಲು ನೀರು ಹರಿದು ಬರುವ ಹೊಲಗಳಾದರೆ, ಆ ಪೈಪಿಗೆ ಸುಮಾರು 37 ಎಕರೆಯ ನೀರು ಸಾಕು. ಒಂದು ಚದರ ಕಿಲೋಮೀಟರ್, ಅಂದರೆ 247 ಎಕರೆಯ ಸಣ್ಣ ಹಳ್ಳಕ್ಕೇ ಇಂಥ ಆರೇಳು ಪೈಪು ಬೇಕು. ಹಾಕುವುದು ಒಂದು ಅಥವಾ ಎರಡು. ಮೊದಲ ಮಳೆಗೆ ಪ್ಲಾಸ್ಟಿಕ್ಕು, ಕಬ್ಬಿನ ತರಗು ಬಂದು ಅದರ ಬಾಯಿಗೆ ಕೂತರೆ ಅದೂ ಇಲ್ಲ.

ಮೀಟರ್ ಅಳೆದೆವು, ಲೀಟರ್ ಬಿಟ್ಟೆವು

ಕೆರೆ, ರಾಜಕಾಲುವೆಗಳ ಬಗ್ಗೆ ನಮ್ಮಲ್ಲಿ ಜಗಳ ನಡೆದಿರುವುದೆಲ್ಲ ಅಂತರದ ಮೇಲೆ. ಬೆಂಗಳೂರಿನ ಕೆರೆಗಳಿಂದ 75 ಮೀಟರ್, ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಂದ ಕ್ರಮವಾಗಿ 50, 35, 25 ಮೀಟರ್ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಆದೇಶಿಸಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಮಾಸ್ಟರ್ ಪ್ಲಾನಿನಲ್ಲಿರುವ ಅಂತರವೇ ಅನ್ವಯವೆಂದಿತು. ರಾಜ್ಯದ ಉಳಿದೆಡೆ ಕೆರೆಗಳಿಗೆ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಇದೆ. ಅದರಲ್ಲಿದ್ದ 30 ಮೀಟರಿನ ಮಿತಿಯನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ತಗ್ಗಿಸುವ ತಿದ್ದುಪಡಿ ಮಸೂದೆಯನ್ನು ವಿಧಾನಮಂಡಲ 2025ರ ಆಗಸ್ಟಿನಲ್ಲಿ ಒಪ್ಪಿತು, ಪರಿಸರವಾದಿಗಳು ವಿರೋಧಿಸಿದರು.

ಅಂತರ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆರೆಯಿಂದ 300 ಮೀಟರ್ ದೂರದಲ್ಲಿ, ಎಲ್ಲ ನಿಯಮ ಪಾಲಿಸಿ ಕಟ್ಟಿದ ಬಡಾವಣೆಯೂ ಕೆಳಗಿನವರನ್ನು ಮುಳುಗಿಸಬಲ್ಲದು. ಹೇಗೆಂದು ಲೆಕ್ಕ ಹಾಕೋಣ.

ಐದು ಎಕರೆ ಎಂದರೆ 200 ಗುಂಟೆ, ಸುಮಾರು 20,200 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಗಂಟೆಯಲ್ಲಿ 40 ಮಿಲಿಮೀಟರ್ ಬಿದ್ದರೆ ಐದು ಎಕರೆಗೆ 8 ಲಕ್ಷ ಲೀಟರಿಗೂ ಮೀರಿ ನೀರು. ಉತ್ತ ಹೊಲವಾಗಿದ್ದಾಗ ಅದರಲ್ಲಿ ಕಾಲು ಪಾಲು, ಅಂದರೆ 2 ಲಕ್ಷ ಲೀಟರ್ ಹರಿದು ಹೋಗಿ ಮಿಕ್ಕದ್ದು ಮಣ್ಣಿಗೆ ಇಂಗುತ್ತಿತ್ತು. ಡಾಂಬರು, ಕಾಂಕ್ರೀಟು, ತಾರಸಿ ಬಂದ ಮೇಲೆ ಮುಕ್ಕಾಲು ಪಾಲು, ಅಂದರೆ 6 ಲಕ್ಷ ಲೀಟರ್ ಹೊರಗೆ ಹೋಗುತ್ತದೆ. ಮೊದಲು ಸೆಕೆಂಡಿಗೆ ಸುಮಾರು 56 ಲೀಟರ್ ಇದ್ದ ರಭಸ 168 ಲೀಟರಿಗೆ ಏರುತ್ತದೆ. ಅದೂ ಸ್ಥೂಲ ಲೆಕ್ಕ. ಮೊದಲು ಬದು, ಹುಲ್ಲು, ಉತ್ತ ಸಾಲುಗಳಲ್ಲಿ ತಡೆದು ತಡೆದು ಬರುತ್ತಿದ್ದ ನೀರು ಈಗ ನುಣ್ಣನೆಯ ಚರಂಡಿಯಲ್ಲಿ ಒಂದೇ ಸಲಕ್ಕೆ ಬಂದು ಬೀಳುತ್ತದೆ.

ಭತ್ತದ ಗದ್ದೆಯಾಗಿದ್ದರೆ ವ್ಯತ್ಯಾಸ ಇನ್ನೂ ದೊಡ್ಡದು. ಸುತ್ತ ಬದು ಕಟ್ಟಿದ ಗದ್ದೆಯಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಎಕರೆಗೆ 4 ಲಕ್ಷ ಲೀಟರ್. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಅಚ್ಚುಕಟ್ಟಿನ ಗದ್ದೆ ಬಯಲು ಯಾರೂ ಕೆರೆಯೆಂದು ಕರೆಯದೆ ಕೆರೆಯ ಕೆಲಸ ಮಾಡಿಕೊಂಡು ಬಂದಿದೆ. ಐದು ಎಕರೆ ಗದ್ದೆ ಸೈಟಾದಾಗ ಸದ್ದಿಲ್ಲದೆ 20 ಲಕ್ಷ ಲೀಟರ್ ಹಿಡಿಯುವ ಜಾಗ ಹೋಯಿತು. ಅದರ ಪಕ್ಕದಲ್ಲಿ ಗದ್ದೆಯ ಹೆಚ್ಚುವರಿ ನೀರು ಒಯ್ಯುತ್ತಿದ್ದ ಬಸಿಗಾಲುವೆಯನ್ನೂ ರಸ್ತೆ ಅಗಲ ಮಾಡಲು ಮುಚ್ಚಿದರೆ ಕತೆ ಮುಗಿಯಿತು.

ಮೇಲಿನವರ ಹಕ್ಕು, ಕೆಳಗಿನವರ ಪಾಡು

ಹಳ್ಳಿಯಲ್ಲಿ ನೀರಿನ ತಕರಾರು ಬಂದಾಗ ಮೇಲಿನ ಜಮೀನಿನವರು ಹೇಳುವುದು ಒಂದೇ ಮಾತು: ‘ನೀರು ತಗ್ಗಿಗೆ ಹರಿಯದೆ ಏರಿಗೆ ಹರಿಯುತ್ತಾ?’ ಕಾನೂನೂ ಒಂದು ಮಟ್ಟಿಗೆ ಅವರ ಪರ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ 7ನೇ ಕಲಮಿನ ದೃಷ್ಟಾಂತವೊಂದರ ಪ್ರಕಾರ, ಮೇಲಿನ ಜಮೀನಿನಲ್ಲಿ ಬಿದ್ದ ನೀರು ಸಹಜವಾಗಿ ಕೆಳಗಿನ ಜಮೀನಿಗೆ ಹರಿಯಲು ಬಿಡಬೇಕು. ಕೆಳಗಿನವನು ಅಡ್ಡಗೋಡೆ ಕಟ್ಟಿ ತಡೆಯುವಂತಿಲ್ಲ.

ಇಲ್ಲಿ ‘ಸಹಜವಾಗಿ’ ಎಂಬುದನ್ನು ಮರೆಯಬಾರದು. ಹೊಲದ ಉದ್ದಕ್ಕೂ ಹರಡಿಕೊಂಡು ಬರುತ್ತಿದ್ದ ನೀರನ್ನು ಚರಂಡಿಗೆ ಕೂಡಿಸಿ, ಮೂರು ಪಟ್ಟು ಮಾಡಿ, ಒಂದೇ ತೂತಿನಿಂದ ಬಿಡುವುದು ಸಹಜ ಹರಿವಲ್ಲ. ಮೇಲಿನವರಿಗೆ ನೀರು ಬಿಡುವ ಹಕ್ಕಿರುವಂತೆ ಕೆಳಗಿನವರಿಗೆ ಮೊದಲಿಗಿಂತ ಹೆಚ್ಚು ಹೊರೆ ಹೊರದಿರುವ ಹಕ್ಕೂ ಇರಬೇಕಲ್ಲವೆ? ಆ ಪ್ರಶ್ನೆ ಎತ್ತಬೇಕಾದರೆ ಇಂದು ರೈತ ಸಿವಿಲ್ ಕೋರ್ಟಿಗೆ ಅಲೆಯಬೇಕು. ಲೇಔಟಿನ ಅನುಮತಿ ಕೊಡುವ ಮೇಜಿನ ಮೇಲೆ ಅದು ಬರುವುದಿಲ್ಲ.

ದಾರಿ ತಪ್ಪಿದ ನೀರು ಎಷ್ಟು ಸಣ್ಣ ಕಾರಣಕ್ಕೆ ಎಷ್ಟು ದೊಡ್ಡದನ್ನು ಕೆಡಿಸುತ್ತದೆ ಎಂಬುದಕ್ಕೆ ಹೆದ್ದಾರಿಯೇ ಸಾಕ್ಷಿ. ಉದ್ಘಾಟನೆಯಾಗಿ ವಾರ ಕಳೆಯುವಷ್ಟರಲ್ಲಿ, 2023ರ ಮಾರ್ಚ್ ಮಳೆಗೆ ರಾಮನಗರದ ಬಳಿ ನೀರು ನಿಂತು ವಾಹನಗಳು ಸಿಲುಕಿದವು. ಹೆದ್ದಾರಿ ಪ್ರಾಧಿಕಾರ ಕೊಟ್ಟ ವಿವರಣೆಯಲ್ಲಿ, ಜಮೀನಿಗೆ ಹೋಗಲು ದಾರಿ ಮಾಡಿಕೊಳ್ಳಲೆಂದು ಗ್ರಾಮಸ್ಥರು ಸುಮಾರು 3 ಮೀಟರ್ ಅಗಲಕ್ಕೆ ಚರಂಡಿಗೆ ಮಣ್ಣು ತುಂಬಿದ್ದೇ ಕಾರಣವೆಂದಿತ್ತು. ಸಾವಿರಾರು ಕೋಟಿಯ ಹೆದ್ದಾರಿಗೆ ಮೂರು ಮೀಟರ್ ಮಣ್ಣು ಸಾಕಾಯಿತು. ಇನ್ನೊಂದು ಕಡೆಯಿಂದ ನೋಡಿದರೆ, ರೈತನ ದಾರಿಯನ್ನೂ ನೀರಿನ ದಾರಿಯನ್ನೂ ಕೂಡಿಸಿ ಯೋಚಿಸದ ರಸ್ತೆಗೆ ಆದದ್ದು ಅದು. ಅಲ್ಲೊಂದು ಸರಿಯಾದ ಮೋರಿ ಇದ್ದಿದ್ದರೆ ಯಾರೂ ಮಣ್ಣು ಹಾಕುತ್ತಿರಲಿಲ್ಲ.

ಬೇರೆಡೆ ಒಂದು ಎಕರೆಗೂ ಪರ್ಮಿಟ್

ಅಮೆರಿಕದಲ್ಲಿ ಮಳೆನೀರಿಗೇ ಪರ್ಮಿಟ್ ಇದೆ. 1972ರ ಶುದ್ಧ ಜಲ ಕಾಯ್ದೆಯ ಅಡಿಯಲ್ಲಿ 1990ರಲ್ಲಿ ಐದು ಎಕರೆ ಮೇಲ್ಪಟ್ಟ ನಿರ್ಮಾಣ ಕಾಮಗಾರಿಗೆ ಅದನ್ನು ಕಡ್ಡಾಯ ಮಾಡಿದರು. 1999ರ ನಿಯಮ ಅದನ್ನು ಒಂದು ಎಕರೆಗೆ ಇಳಿಸಿತು. ಒಂದು ಎಕರೆ ಮಣ್ಣು ಕದಡುವ ಮುನ್ನ, ಕೆಸರು ಹೊರಗೆ ಹೋಗದಂತೆ ಏನು ಮಾಡುತ್ತೀರಿ, ತಪಾಸಣೆ ಯಾವಾಗ ನಡೆಸುತ್ತೀರಿ ಎಂದು ಬರೆದುಕೊಡಬೇಕು. ಸಿಂಗಪುರ 2014ರಿಂದ ಇನ್ನೂ ನೇರವಾದ ಷರತ್ತು ಹಾಕಿದೆ. 0.2 ಹೆಕ್ಟೇರ್, ಅಂದರೆ ನಮ್ಮ ಸುಮಾರು 20 ಗುಂಟೆ ಅಥವಾ ಅದಕ್ಕೂ ಹೆಚ್ಚಿನ ಜಾಗದಲ್ಲಿ ಕಟ್ಟುವವರು ಮಳೆಯ ರಭಸವನ್ನು ತಮ್ಮ ಜಾಗದಲ್ಲೇ ತಡೆಹಿಡಿದು, ನೂರಕ್ಕೆ 55 ಪಾಲು ಮಾತ್ರ ಹರಿದುಹೋಗುವ ಜಾಗದ ಮಟ್ಟಕ್ಕೆ ಇಳಿಸಿ ಸಾರ್ವಜನಿಕ ಚರಂಡಿಗೆ ಬಿಡಬೇಕು. ಹೇಗೆ ಮಾಡಿದರೂ ಸರಿ, ಹೊರಗೆ ಹೋಗುವ ನೀರು ಲೆಕ್ಕ ಮೀರಬಾರದು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದೆಂದರೆ ಬೆಂಗಳೂರಿನ ಮಳೆಕೊಯ್ಲು. ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು, 2,400 ಚದರಡಿ ಮೇಲ್ಪಟ್ಟ ಹಳೆಯ ಸ್ವತ್ತಿಗೂ 1,200 ಚದರಡಿ ಮೇಲ್ಪಟ್ಟ ಹೊಸ ಕಟ್ಟಡಕ್ಕೂ ಮಳೆಕೊಯ್ಲು ಕಡ್ಡಾಯ ಮಾಡಿದರು. ಅದರ ಉದ್ದೇಶ ನೀರು ಉಳಿಸುವುದು. ಪ್ರವಾಹ ತಗ್ಗುವುದು ಅದರ ಬಾಲಂಗೋಚಿ ಲಾಭ. ಸಂಪು ತುಂಬಿದ ಮೇಲೆ ಬರುವ ನೀರಿಗೆ ಅಲ್ಲೂ ಚರಂಡಿಯೇ ಗತಿ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಅಧೀನದ ಸಂಸ್ಥೆ 2019ರಲ್ಲಿ ಮಳೆನೀರು ಚರಂಡಿಗಳ ಕೈಪಿಡಿಯನ್ನೇ ಹೊರತಂದಿದೆ. ಅದು ಎಂಜಿನಿಯರರಿಗೆ ಮಾರ್ಗದರ್ಶಿ. ಐದು ಎಕರೆಯ ಲೇಔಟು ಮಾಡುವವನ ಕೈ ಹಿಡಿದು ಕೇಳುವ ಕಾನೂನಲ್ಲ.

ಕಾಡಿಗಿರುವ ಹಕ್ಕು

ಹಲಗೂರು ದಾಟಿ ಮುತ್ತತ್ತಿಯ ದಾರಿ ಹಿಡಿದರೆ ಹೊಲಗಳು ಮುಗಿದು ಕಾಡು ಶುರುವಾಗುತ್ತದೆ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ ಇದು. ಮೊದಲು 527 ಚದರ ಕಿಲೋಮೀಟರಿನಷ್ಟಿದ್ದದ್ದು ಆಮೇಲೆ ಸಾವಿರ ದಾಟಿ ಬೆಳೆಯಿತು. ವನ್ಯಜೀವಿಧಾಮದ ಒಳಗೆ ವಾಣಿಜ್ಯ ಉದ್ದೇಶದ ಲಾಡ್ಜು, ಹೋಟೆಲು ಕಟ್ಟಬೇಕೆಂದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 33ನೇ ಕಲಂ ಹೇಳುತ್ತದೆ.

ಅದಕ್ಕಿಂತ ಕುತೂಹಲದ್ದು ಅದೇ ಕಾಯ್ದೆಯ 29ನೇ ಕಲಂ. ವನ್ಯಜೀವಿಧಾಮದ ಒಳಕ್ಕೆ ಬರುವ ಅಥವಾ ಹೊರಕ್ಕೆ ಹೋಗುವ ನೀರನ್ನು ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಇಲ್ಲದೆ ಯಾರೂ ತಿರುಗಿಸುವಂತಿಲ್ಲ, ತಡೆಯುವಂತಿಲ್ಲ, ಹೆಚ್ಚಿಸುವಂತಿಲ್ಲ. ತಿರುಗಿಸುವುದು, ತಡೆಯುವುದು ತಪ್ಪೆಂಬುದು ಯಾರಿಗಾದರೂ ಅರ್ಥವಾಗುತ್ತದೆ. ‘ಹೆಚ್ಚಿಸುವುದು’ ಕೂಡ ತಪ್ಪೆಂದು ಇಲ್ಲಿ ಹೇಳಿರುವುದನ್ನು ಗಮನಿಸಬೇಕು. ಬಡಾವಣೆಯ ಐದು ಎಕರೆ ಮಾಡಿದ್ದು ಇದನ್ನೇ ತಾನೆ?

ಹೆಚ್ಚಾದ ನೀರು ಕಾಡಿಗೆ ಏಕೆ ಕೇಡು ಎಂಬುದನ್ನು ಕಾಡಂಚಿನಲ್ಲಿ ಹೊಸದಾಗಿ ಕೊರೆದ ಯಾವ ಮಣ್ಣು ರಸ್ತೆಯಲ್ಲಾದರೂ ಒಂದು ಮಳೆ ಕಳೆದ ಮೇಲೆ ನೋಡಬಹುದು. ಜೆಸಿಬಿ ಗುಡ್ಡದ ಪಕ್ಕೆ ಸೀಳಿ ಮಾಡಿದ ದಾರಿಯ ನಡುವೆ ಮೊಣಕಾಲಾಳದ ಕೊರಕಲು ಬಿದ್ದಿರುತ್ತದೆ. ಅಲ್ಲಿದ್ದ ಕೆಂಪು ಮಣ್ಣು ಹಳ್ಳ ಸೇರಿ, ಹಳ್ಳದಿಂದ ಹೊಳೆ ಸೇರಿರುತ್ತದೆ. ಮುತ್ತತ್ತಿ, ಭೀಮೇಶ್ವರಿ ಭಾಗದ ಕಾವೇರಿ ಮಹಶೀರ್ ಮೀನಿಗೆ ಹೆಸರಾದ ತಾವು. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅತಿ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿ ಸೇರಿತು. ಗರಸು ಕಲ್ಲಿನ ಮೇಲೆ ತಿಳಿಯಾಗಿ ಓಡುವ ನೀರು ಅದಕ್ಕೆ ಬೇಕು. ಕಲ್ಲಿನ ಸಂದಿಗೆಲ್ಲ ಹೂಳು ಕೂತರೆ ಮೊಟ್ಟೆಗೆ ಉಸಿರಿಲ್ಲ. ಫಾರ್ಮ್‌ಹೌಸಿನ ರಸ್ತೆ ವನ್ಯಜೀವಿಧಾಮದ ಗಡಿಯಿಂದ ಹೊರಗಿದ್ದರೂ ಅದರ ಕೆಸರು ಗಡಿ ಕಲ್ಲು ನೋಡಿ ನಿಲ್ಲುವುದಿಲ್ಲ.

ನಾಲ್ಕು ಗುಂಟೆ ಸಾಕು

‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎನ್ನುವ ಸೀಮೆ ಇದು. ಮಳವಳ್ಳಿ ತಾಲ್ಲೂಕು ವಿ.ಸಿ. ನಾಲೆಯ ಕೊನೆ ಭಾಗ. ನಾಲೆ ನೀರು ತಮ್ಮವರೆಗೆ ಬರಲಿಲ್ಲವೆಂದು ಇಲ್ಲಿನ ರೈತರು ಬೀದಿಗಿಳಿಯುವುದು ಹೊಸತಲ್ಲ. ಅಂಥ ಕಡೆ ಬಿದ್ದ ಮಳೆಯನ್ನು ಆದಷ್ಟು ಬೇಗ ಹೊರದೂಡುವುದೇ ಅಭಿವೃದ್ಧಿ ಎನ್ನುವಂತೆ ಚರಂಡಿ ಕಟ್ಟುತ್ತಿದ್ದೇವೆ.

ಅದೇ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡಿ ಹೋದರು. ಕುರಿ ಮೇಯಿಸುತ್ತ, ಕಾಡುಪ್ರಾಣಿ ಪಕ್ಷಿಗಳಿಗೆ ನೀರಾಗಲೆಂದು ಬೆಟ್ಟದ ಇಳಿಜಾರಿನಲ್ಲಿ ಒಂದಾದ ಮೇಲೊಂದು ಕಟ್ಟೆ ತೋಡಿದರು. 2020ರ ಜೂನಿನಲ್ಲಿ ಪ್ರಧಾನಿ ‘ಮನದ ಮಾತು’ ಕಾರ್ಯಕ್ರಮದಲ್ಲಿ ಅವರ 16 ಕಟ್ಟೆಗಳನ್ನು ಹೆಸರಿಸಿದಾಗ ದೇಶಕ್ಕೆಲ್ಲ ಗೊತ್ತಾಯಿತು. 2022ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಮೇಲಿನಿಂದ ಇಳಿದು ಬರುವ ನೀರನ್ನು ಅಲ್ಲಲ್ಲೇ ನಿಲ್ಲಿಸಿ, ತುಂಬಿದ ಮೇಲೆ ಮುಂದಕ್ಕೆ ಬಿಡುವುದು ಅವರ ಕೆಲಸದ ಸಾರ. ಬಡಾವಣೆಯ ಎಂಜಿನಿಯರ್ ಮಾಡಬೇಕಾದದ್ದೂ ಅಷ್ಟೇ.

ಮತ್ತೆ ಅದೇ ಐದು ಎಕರೆಗೆ ಬರೋಣ. ಮೊದಲು ಹೊರಗೆ ಹೋಗುತ್ತಿದ್ದದ್ದು 2 ಲಕ್ಷ ಲೀಟರ್, ಈಗ 6 ಲಕ್ಷ. ಹೆಚ್ಚುವರಿ 4 ಲಕ್ಷ ಲೀಟರನ್ನು ಒಂದೆರಡು ತಾಸು ತಡೆಹಿಡಿದರೆ ಕೆಳಗಿನವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. 4 ಲಕ್ಷ ಲೀಟರ್ ಹಿಡಿಯಲು 20 ಮೀಟರ್ ಉದ್ದ, 20 ಮೀಟರ್ ಅಗಲ, ಒಂದು ಮೀಟರ್ ಆಳದ ತಗ್ಗು ಸಾಕು. ಅದು ಬರೀ ನಾಲ್ಕು ಗುಂಟೆ, ಅಂದರೆ ಲೇಔಟಿನ ನೂರಕ್ಕೆ ಎರಡು ಪಾಲು. ಹೇಗೂ ಉದ್ಯಾನಕ್ಕೆಂದು ಜಾಗ ಬಿಡಲೇಬೇಕು. ಮಾರಾಟವಾಗದ ಮೂಲೆಗೆ ಉದ್ಯಾನ ತಳ್ಳುವ ಬದಲು ಜಮೀನಿನ ತಗ್ಗಿನಲ್ಲಿ ಇಟ್ಟು, ಅದರೊಂದು ಭಾಗವನ್ನು ಒಂದು ಮೀಟರ್ ಇಳಿಸಿ, ಹೊರಬಾಯಿ ಕಿರಿದು ಮಾಡಿದರೆ ಕೆಲಸವಾಯಿತು. ವರ್ಷದ ಬಹುಪಾಲು ದಿನ ಮಕ್ಕಳು ಆಡಿಕೊಂಡಿರಬಹುದು.

ಎಲ್ಲ ಕಡೆಗೂ ಒಂದೇ ಔಷಧ ಹೊಂದುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಹಲಗೂರು ಕಡೆಯ ಒಣ ಕೆಂಪು ನೆಲದಲ್ಲಿ ಇಂಗುಗುಂಡಿ ಚೆನ್ನಾಗಿ ಕೆಲಸ ಮಾಡೀತು. ಮದ್ದೂರಿನ ನಾಲೆ ಕೆಳಗಿನ ಗದ್ದೆ ಬಯಲಿನಲ್ಲಿ, ಕೆಲವಡಿ ಅಗೆದರೆ ನೀರು ಜಿನುಗುವ ಕಡೆ, ಇಂಗುಗುಂಡಿ ತೋಡಿದರೆ ಅದು ಮೊದಲೇ ತುಂಬಿ ಕೂತಿರುತ್ತದೆ. ಅಲ್ಲಿ ತಡೆದು ನಿಧಾನಕ್ಕೆ ಬಿಡುವ ತಗ್ಗು ಬೇಕು, ಬಸಿಗಾಲುವೆ ತೆರೆದಿರಬೇಕು. ಬೆಂಗಳೂರಿನ ನಿಯಮವನ್ನು ಯಥಾವತ್ತು ತಂದು ಇಲ್ಲಿ ಹೇರಿದರೆ ನಕ್ಷೆಯಲ್ಲಿ ಗುಂಡಿ ಇರುತ್ತದೆ, ನೆಲದಲ್ಲಿ ಪ್ರಯೋಜನ ಇರುವುದಿಲ್ಲ.

ಸೈಟು ಕೊಳ್ಳುವ ಮುನ್ನ

• ಪಹಣಿಯ ಜೊತೆಗೆ ಗ್ರಾಮ ನಕ್ಷೆ, ಟಿಪ್ಪಣಿ ತೆಗೆಸಿ. ಬಿ ಖರಾಬು ಎಲ್ಲಿದೆ ಎಂದು ಸರ್ವೆಯವರಿಂದ ನೆಲದ ಮೇಲೆ ಗುರುತು ಹಾಕಿಸಿ. ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ. ಅದು ಮೊದಲ ನೋಟಕ್ಕೆ ಮಾತ್ರ, ಸರ್ವೆಗೆ ಬದಲಿಯಲ್ಲ.

• ಬೇಸಿಗೆಯಲ್ಲಿ ನೋಡಿದ ಜಮೀನನ್ನು ಒಂದು ದೊಡ್ಡ ಮಳೆಯ ಮರುದಿನ ಇನ್ನೊಮ್ಮೆ ನೋಡಿ. ಆಗದಿದ್ದರೆ ಕೆಳಗಿನ ಜಮೀನಿನ ರೈತರನ್ನು ಕೇಳಿ. ಮೇಲಿನ ನೀರು ಎಲ್ಲಿ ಬರುತ್ತದೆಂದು ಅವರಷ್ಟು ಬಲ್ಲವರಿಲ್ಲ.

• ಲೇಔಟಿನ ಚರಂಡಿಯ ಗುಂಟ ಕೊನೆವರೆಗೆ ನಡೆದು ಹೋಗಿ. ಅದು ದಾಖಲೆಯಲ್ಲಿರುವ ಹಳ್ಳ ಅಥವಾ ಕಾಲುವೆಗೆ ಸೇರಿದರೆ ಸರಿ. ಕಾಂಪೌಂಡಿಗೆ ಮುಗಿದರೆ ತಕರಾರು ಇಂದಲ್ಲ ನಾಳೆ ಬರುತ್ತದೆ.

• ರೇರಾ ಕಾಯ್ದೆಯ 14ನೇ ಕಲಮಿನಂತೆ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಾಮಗಾರಿಯ ಗುಣಮಟ್ಟದಲ್ಲಿ, ಒದಗಿಸಿದ ಸೇವೆಗಳಲ್ಲಿ ದೋಷ ಕಂಡರೆ ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ನೀರು ನಿಂತ ದಿನವೇ ತಾರೀಖಿನ ಸಮೇತ ಫೋಟೊ ತೆಗೆದಿಟ್ಟುಕೊಳ್ಳಿ.

ಅರ್ಜಿಗೆ ಎರಡು ಸಾಲು

ಕೊಳ್ಳುವವರ ಎಚ್ಚರ ಅವರವರ ಮನೆಯನ್ನು ಕಾಯಬಹುದು, ಊರನ್ನು ಕಾಯುವುದಿಲ್ಲ. ಅದಕ್ಕೆ ಅನುಮತಿ ಕೊಡುವ ಮೇಜಿನಲ್ಲೇ ಪ್ರಶ್ನೆ ಹುಟ್ಟಬೇಕು. ಹೊಸ ಪ್ರಾಧಿಕಾರ, ಹೊಸ ಎನ್‌ಒಸಿ ಬೇಕಿಲ್ಲ. ಇನ್ನೊಂದು ಕಚೇರಿ ಸೇರಿಸಿದರೆ ಇನ್ನೊಂದು ಕಡೆ ಅಲೆದಾಟ ಸೇರುತ್ತದೆ ಅಷ್ಟೆ. ಈಗಿರುವ ಲೇಔಟು ಅರ್ಜಿಗೇ ಎರಡು ಸಾಲು ಸೇರಿಸಿದರೆ ಸಾಕು. ಒಂದು ಗಂಟೆಯ ಜೋರು ಮಳೆಗೆ ಈ ಜಮೀನಿನಿಂದ ಈಗ ಎಷ್ಟು ನೀರು, ಯಾವ ಕಡೆಯಿಂದ ಹೊರಗೆ ಹೋಗುತ್ತಿದೆ? ಲೇಔಟಾದ ಮೇಲೆ ಎಷ್ಟು ಹೋಗುತ್ತದೆ? ಲೆಕ್ಕ ಡಿಪ್ಲೊಮಾ ಓದಿದ ಯಾವ ಎಂಜಿನಿಯರಿಗೂ ಅರ್ಧ ದಿನದ ಕೆಲಸ. ಎರಡನೆಯ ಅಂಕಿ ಮೊದಲನೆಯದನ್ನು ಮೀರಿದ್ದರೆ, ಮಿಕ್ಕ ನೀರು ನಿಲ್ಲುವ ತಗ್ಗನ್ನು ನಕ್ಷೆಯಲ್ಲಿ ತೋರಿಸಿ ಬರುವವರೆಗೆ ಅರ್ಜಿ ವಾಪಸ್ಸು. ತಗ್ಗು ನೆಲದ ಮೇಲೆ ಆಗುವವರೆಗೆ ಕೊನೆಯ ಕಂತಿನ ಸೈಟುಗಳಿಗೆ ಬಿಡುಗಡೆ ಇಲ್ಲ.

ನೀರನ್ನು ತಿರುಗಿಸಬೇಡ, ತಡೆಯಬೇಡ, ಹೆಚ್ಚಿಸಬೇಡ ಎಂದು ಮುತ್ತತ್ತಿಯ ಆನೆ, ಮೀನುಗಳ ಪರವಾಗಿ ಕಾನೂನು ಆಗಲೇ ಹೇಳಿದೆ. ಮದ್ದೂರಿನ ಗದ್ದೆಯವನಿಗೂ ಮಳವಳ್ಳಿಯ ಹೊಲದವನಿಗೂ ಅಷ್ಟೇ ರಕ್ಷಣೆ ಕೇಳುವುದು ಅತಿಯಾಸೆಯೇನಲ್ಲ.